ಬೈಗುಳಕ್ಕೆ ನಾನು ಕೊಟ್ಟ ಅಂಕ

ಜನ ಬೈದರೆ ಎಷ್ಟು ಅಂಕ, ಹೊಗಳಿದರೆ ಎಷ್ಟು ಅಂಕ ಎಂದು ನಿರ್ಧರಿಸುವ ಶಾಸ್ತ್ರವೊಂದು ಈ ಲೋಕದಲ್ಲಿದೆ. ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಮಟ್ಟಿಗೆ, ಐದು ತಿಂಗಳ ಕಾಲ, ಆ ಶಾಸ್ತ್ರದ ಪೀಠದಲ್ಲಿ ನಾನು ಕುಳಿತಿದ್ದೆ. ಪೀಠವೆಂದರೆ ಮಂಡ್ಯದ ಕಚೇರಿಯೊಂದರ ಎರಡನೇ ಮಹಡಿಯಲ್ಲಿದ್ದ, ಒಂದು ಕೈ ಕಳಚಿದ ಕುರ್ಚಿ. ನಿವೃತ್ತನನ್ನು ಮತ್ತೆ ಕರೆದು ಕೂರಿಸಿದಾಗ ಕುರ್ಚಿಗೆ ಎರಡೂ ಕೈ ಇರಲಿ ಎಂದು ಕೇಳುವುದು ಅತಿಯಾಸೆ.

ಕೆಲಸ ಇಷ್ಟು. ಹಾಸಿಗೆ ಹಿಡಿದವರ ಮನೆಗೇ ನರ್ಸು ಹೋಗಿ ಆರೈಕೆ ಮಾಡುವ ಒಂದು ಯೋಜನೆ ಈ ಎರಡು ತಾಲ್ಲೂಕುಗಳಲ್ಲಿ ನಡೆಯುತ್ತಿತ್ತು. ಆರು ಘಟಕ. ಪ್ರತಿ ಘಟಕಕ್ಕೆ ಒಬ್ಬ ನರ್ಸು, ಒಂದು ಸ್ಕೂಟರು, ಒಂದು ಚೀಲ, ಕೈತುಂಬ ಊರುಗಳು. ಹುಣ್ಣು ತೊಳೆಯುವುದು, ಮೂತ್ರದ ನಳಿಕೆ ಬದಲಿಸುವುದು, ಮಾತ್ರೆ ಹೊಟ್ಟೆಗೆ ಹೋಗಿದೆಯೋ ದಿಂಬಿನ ಕೆಳಗೆ ಹೋಗಿದೆಯೋ ನೋಡುವುದು, ರೋಗಿಯ ಮಗ್ಗುಲು ಬದಲಿಸುವ ಬಗೆಯನ್ನು ಮನೆಯವರಿಗೆ ಕಲಿಸುವುದು. ಇದೆಲ್ಲ ಹೇಗೆ ನಡೆದಿದೆ ಎಂದು ‘ಬಹು ಆಯಾಮ’ದ ಪದ್ಧತಿಯಲ್ಲಿ ಅಳೆದು ನಾನು ವರದಿ ಕೊಡಬೇಕಿತ್ತು. ಆದೇಶದ ಕೊನೆಯ ಪ್ಯಾರಾದಲ್ಲಿ, ಔಷಧದ ಡಬ್ಬಿಯ ಮೇಲಿನ ಎಚ್ಚರಿಕೆಯಷ್ಟು ಸಣ್ಣದಾಗಿ, ಇನ್ನೊಂದು ಮಾತಿತ್ತು. ಕೊನೆಯ ಸ್ಥಾನಕ್ಕೆ ಬರುವ ಘಟಕವನ್ನು ಇನ್ನೊಂದರ ಜೊತೆ ವಿಲೀನಗೊಳಿಸಲಾಗುವುದು. ಇದನ್ನು ಉತ್ತರ ಕೊಡುವವರಿಗಾಗಲಿ, ಹೊರಗಿನ ಯಾರಿಗೇ ಆಗಲಿ ತಿಳಿಸಕೂಡದು. ತಿಳಿದರೆ ಉತ್ತರ ಕೆಡುತ್ತದೆ. ಓದಿದೆ, ಸರಿ ಎನ್ನಿಸಿತು, ಸಹಿ ಹಾಕಿದೆ.

ನನ್ನ ಕಾಲದ ಮೌಲ್ಯಮಾಪನಕ್ಕೆ ಒಂದೇ ಆಯಾಮ. ಜೀಪು ಇದೆಯೇ ಎಂದು ಕೇಳುತ್ತಿದ್ದೆವು, ಇದೆ ಎಂದು ಬರೆದುಕೊಳ್ಳುತ್ತಿದ್ದೆವು. ಓಡುತ್ತದೆಯೇ ಎಂಬ ಪ್ರಶ್ನೆ ನಮೂನೆಯಲ್ಲಿ ಇರಲಿಲ್ಲವಾದ್ದರಿಂದ ನಾಡಿನ ಸಮಸ್ತ ಜೀಪುಗಳೂ ಸುಸ್ಥಿತಿಯಲ್ಲಿದ್ದವು. ಈ ಸಲ ಹಾಗಲ್ಲ. ಸೇವೆ ಎಷ್ಟು ಜನಕ್ಕೆ ತಲುಪಿದೆ, ಹೇಳಿದ ದಿನ ಬರುತ್ತಾರೆಯೇ, ಗಾಯ ಮಾಯುತ್ತಿದೆಯೇ, ದಾಖಲೆ ಸರಿ ಇದೆಯೇ, ಖರ್ಚು ಹಿಡಿತದಲ್ಲಿದೆಯೇ, ಕಡೆಯದಾಗಿ, ಜನ ತೃಪ್ತರೇ. ಈ ಕಡೆಯ ಆಯಾಮ ನನ್ನ ಮುದ್ದಿನ ಕೂಸು.

ಯಾವ ಆಯಾಮಕ್ಕೆ ಎಷ್ಟು ತೂಕ ಎಂದು ಗೊತ್ತು ಮಾಡುವ ಸಭೆ ಮಂಡ್ಯದಲ್ಲಿ ನಡೆಯಿತು. ಇಲಾಖೆಯ ಅಧಿಕಾರಿ, ಲೆಕ್ಕಪತ್ರದವರು, ಒಬ್ಬ ವೈದ್ಯೆ, ನಾನು. ತೃಪ್ತಿಗೆ ಹತ್ತರಲ್ಲಿ ಒಂದು ಪಾಲು ಎಂದು ಕರಡಿನಲ್ಲಿತ್ತು. ನಾನು ಎದ್ದು ನಿಂತೆ. ಕೂತೇ ಮಾತಾಡಬಹುದಿತ್ತು, ಆದರೆ ಪ್ರಜೆಗಳ ಪರವಾಗಿ ಮಾತಾಡುವಾಗ ನಿಲ್ಲುವುದು ನನ್ನ ಹಳೆಯ ಅಭ್ಯಾಸ. ಸೇವೆ ಯಾರಿಗೆ, ಅವರ ಮಾತಿಗೇ ಇಷ್ಟು ಕಡಿಮೆ ಬೆಲೆಯೇ, ಇಷ್ಟು ವರ್ಷ ಕಡತ ಮಾತಾಡಿದ್ದು ಸಾಲದೆ, ಇನ್ನಾದರೂ ಜನ ಮಾತಾಡಬೇಡವೇ ಎಂದೆಲ್ಲ ಹೇಳಿದೆ. ಎಲ್ಲರ ಕಾಫಿ ಆರಿಹೋಯಿತು.

ವೈದ್ಯೆ ಮೆಲ್ಲಗೆ, “ನೋವಲ್ಲಿರೋರು ಏನು ಹೇಳ್ತಾರೋ ನಂಬಕ್ಕಾಗಲ್ಲ ಸಾರ್. ಗಾಯ ನೋಡಿ ಸಾಕು, ಅದು ಸುಳ್ಳು ಹೇಳಲ್ಲ,” ಎಂದರು.

“ಗಾಯಕ್ಕೆ ಬಾಯಿಲ್ಲ ಡಾಕ್ಟ್ರೇ, ಜನಕ್ಕಿದೆ,” ಎಂದೆ.

ಎಲ್ಲರೂ ನಕ್ಕರು. ವೈದ್ಯೆಯೂ ನಕ್ಕರು. ತೃಪ್ತಿಯ ತೂಕ ಒಂದು ಪಾಲಿನಿಂದ ಮೂರು ಪಾಲಿಗೆ ಏರಿತು. ಅವತ್ತು ಬಸ್‌ಸ್ಟ್ಯಾಂಡಿನವರೆಗೆ ನಾನು ನಡೆದ ನಡಿಗೆಯನ್ನು ಯಾರಾದರೂ ನೋಡಿದ್ದರೆ, ಈ ಮನುಷ್ಯ ಏನನ್ನೋ ಗೆದ್ದು ಬರುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು.

ಒಂದು ತೊಡಕಿತ್ತು. ಮೂರನೇ ಘಟಕದ ರೋಗಿಗಳ ಪಟ್ಟಿಯಲ್ಲಿ ನನ್ನ ಅಕ್ಕನ ಹೆಸರಿತ್ತು. ಚಿಕ್ಕರಸಿನಕೆರೆಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಊರಿಗೆ ಅವಳನ್ನು ಕೊಟ್ಟಿದ್ದರು. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಸೊಂಟದ ಮೇಲೆ ನನ್ನನ್ನು ಹೊತ್ತು ತಿರುಗಿದವಳು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಗೈ ಎಡಗಾಲು ಹೋದವು. ಹೋದ ಎರಡರ ಕೆಲಸವನ್ನೂ ನಾಲಿಗೆ ವಹಿಸಿಕೊಂಡಿತು.

ನಾನು ನಿಯಮದ ಮನುಷ್ಯ. ‘ಸದರಿ ಘಟಕದಲ್ಲಿ ನನ್ನ ರಕ್ತಸಂಬಂಧಿ ಇರುವುದರಿಂದ’ ಎಂದು ಒಂದು ಟಿಪ್ಪಣಿ ಬರೆದು, ಅದನ್ನು ನನಗೇ ಸಲ್ಲಿಸಿ, ನಾನೇ ಅನುಮೋದಿಸಿ, ಕಡತದಲ್ಲಿಟ್ಟೆ. ಪ್ರಶ್ನೆ ಕೇಳಬೇಕಾದವರ ಪಟ್ಟಿಯಿಂದ ಅಕ್ಕನ ಹೆಸರು ತೆಗೆದೆ. ಆ ಘಟಕದ ಊರುಗಳಿಗೆ ಪ್ರಶ್ನಾವಳಿ ಹಿಡಿದು ನಾನು ಕಾಲಿಡುವುದಿಲ್ಲವೆಂದು ತೀರ್ಮಾನಿಸಿ, ನನ್ನ ಕೈಕೆಳಗಿನ ಸಮೀಕ್ಷಕಿಯನ್ನು ಕಳಿಸಿದೆ. ಹಲಗೂರಿನ ಕಡೆಯ ಹೆಣ್ಣುಮಗಳು, ಕಣ್ಣು ಕಿವಿ ಎರಡೂ ಚುರುಕು.

ಆದರೆ ಅಕ್ಕನನ್ನು ನೋಡಲು ಭಾನುವಾರ ಹೋಗುವುದನ್ನು ಯಾವ ನಿಯಮವೂ ತಡೆಯುತ್ತಿರಲಿಲ್ಲ. ಸಮೀಕ್ಷೆ ಶುರುವಾಗುವ ಮುಂಚಿನ ಭಾನುವಾರ ನಾನು ಹೋದಾಗ ಅಕ್ಕ ನಡುಮನೆಯ ಮಂಚದ ಮೇಲಿದ್ದಳು. ಮಗ ಸಕ್ಕರೆ ಕಾರ್ಖಾನೆಯ ಪಾಳಿಗೆ ಹೋಗಿದ್ದ. ಸೊಸೆ ಡೇರಿಗೆ ಹಾಲು ಹಾಕಿ ಬಂದು ಒಲೆ ಮುಂದೆ ಕೂತಿದ್ದಳು. ಹೊರಗೆ ಸ್ಕೂಟರಿನ ಸದ್ದಾಯಿತು.

“ಬಂದ್ಲು ನೋಡು ಮಾರಾಣಿ,” ಅಕ್ಕ ಶುರು ಮಾಡಿದಳು. “ಒತ್ತಾರೆ ಬತ್ತೀನಿ ಅಂದೋಳು ಒತ್ತು ನೆತ್ತಿ ಮೇಲ್ ಬಂದ್ಮೇಲೆ ಬತ್ತಾವ್ಳೆ. ಎಲ್ಲಮ್ಮಿ ಆಳಾಗೋಗಿದ್ದೆ?”

ಒಳಗೆ ಬಂದ ನರ್ಸು ಮೂವತ್ತೈದರ ಆಸುಪಾಸಿನವಳು, ಮಳವಳ್ಳಿ ಕಡೆಯವಳು. ಚೀಲ ಇಳಿಸಿ ಕೈ ತೊಳೆಯುತ್ತ, “ನಿಮ್ಮ ಕೈಲಿ ಬೈಸ್ಕೊಳ್ದೆ ಇದ್ರೆ ನಂಗೆ ಮುದ್ದೆ ಇಳಿಯಲ್ಲ ಕಣಮ್ಮ, ಅದ್ಕೇ ಬಂದೆ. ಈ ಕಡೆ ತಿರುಗಿ,” ಎಂದಳು.

“ತಿರುಗಾಕಾಗಿದ್ರೆ ನಿನ್ನ ಯಾಕಮ್ಮಿ ಕರೀತಿದ್ದೆ? ಎಮ್ಮೆ ತೊಳ್ದಂಗೆ ತೊಳೀತಾಳೆ ಕಣ್ಲಾ ಇವ್ಳು. ಕೈಯಲ್ಲ ಅದು, ಕೊಡ್ಲಿ.”

ಕೊಡಲಿ ತುಂಬ ಮೆತ್ತಗೆ ಕೆಲಸ ಮಾಡಿತು. ಹಳೆಯ ಗಾಜ್ ಬಟ್ಟೆಯನ್ನು ಸಲೈನ್ ನೀರಲ್ಲಿ ನೆನೆಸಿ, ಅದು ತಾನಾಗಿ ಬಿಡುವವರೆಗೆ ಕಾದಳು, ಎಳೆಯಲಿಲ್ಲ. ಹುಣ್ಣಿನ ಅಂಚನ್ನು ಒಳಗಿನಿಂದ ಹೊರಕ್ಕೆ ಒರೆಸಿದಳು. ಹೊಸ ಗಾಜ್ ಬಟ್ಟೆಯನ್ನು ತುರುಕದೆ, ಸಡಿಲವಾಗಿ ತುಂಬಿದಳು. ಸೊಂಟದ ಹಿಂದಿನ ಆ ಹುಣ್ಣು ಮೊದಲು ನಿಂಬೆಹಣ್ಣು ಕೂರುವಷ್ಟಿತ್ತು, ನಾನೇ ನೋಡಿದ್ದೆ. ಈಗ ಹುಣಸೆಬೀಜದಷ್ಟಾಗಿತ್ತು. ಅಷ್ಟು ಹೊತ್ತೂ ಅಕ್ಕ ಅವಳ ಹಡೆದವರಿಂದ ಹಿಡಿದು ಅವಳಿಗೆ ಕೆಲಸ ಕೊಟ್ಟವರವರೆಗೆ ಒಬ್ಬರನ್ನೂ ಬಿಡದೆ ವಿಚಾರಿಸಿಕೊಂಡಳು. ಮುಗಿದ ಮೇಲೆ, “ಲೇ ಅಮ್ಮಿ, ಬಾಗಿಲ ಸಂದೀಲಿ ನುಗ್ಗೆಕಾಯಿ ಮಡಗ್ಸಿವ್ನಿ, ಎತ್ಕೊಂಡೋಗು. ದನಾನೂ ಮೂಸಲ್ಲ ಅದ್ನ, ಅದ್ಕೇ ನಿಂಗೆ,” ಎಂದಳು. ನುಗ್ಗೆಕಾಯಿ ಆಗತಾನೆ ಕಿತ್ತದ್ದು. ತೊಟ್ಟು ಇನ್ನೂ ಹಸಿ.

ನಾನು ನರ್ಸನ್ನು ಕೇಳಿದೆ. “ನಿಮ್ಮ ಸರದಿ ಗುರುವಾರ ಅಲ್ವೇನಮ್ಮ? ಭಾನುವಾರ ಬಂದದ್ದನ್ನ ಎಲ್ಲಿ ಬರೀತೀರಿ?”

“ಎಲ್ಲೂ ಬರೆಯಕ್ಕಾಗಲ್ಲ ಸಾರ್. ದಾಖಲೆ ಎಲ್ಲ ಫೋನಲ್ಲೇ, ಭಾನುವಾರ ಅಂತ ಹಾಕಿದ್ರೆ ಅದು ತಗೊಳ್ಳಲ್ಲ.”

“ನನ್ನ ಉಣ್ಣು ತಗೊಳ್ತದಲ್ಲ,” ಎಂದಳು ಅಕ್ಕ.

ಸ್ಕೂಟರು ಹೋಯಿತು. ಅಕ್ಕ, “ಇವರ್ಗೆಲ್ಲ ಮಾರ್ಕ್ಸು ಆಕೋನು ನೀನೇ ಅಂತಲ್ಲಾ?” ಎಂದಳು.

“ನಾನಲ್ಲ ಕಣಕ್ಕ, ಪದ್ಧತಿ ಹಾಕುತ್ತೆ.”

“ಜನ ಏಳಿದ್ದ ಬರ್ಕೊಂಡು ಮೇಲ್ನೋರ್ಗೆ ಕೊಡ್ತೀಯ?”

“ಜನ ಹೇಳಿದ್ದನ್ನ ಹಾಗೆಹಾಗೇ.”

“ಒಳ್ಳೇದು ಅಂದ್ರೆ ಏನಾಯ್ತದೆ?”

“ಅದನ್ನ ಹೇಳೋ ಹಾಗಿಲ್ಲ ಕಣಕ್ಕ. ಗುಟ್ಟು.”

ಅಕ್ಕ ಸುಮ್ಮನಾದಳು. ಅವಳು ಸುಮ್ಮನಾದರೆ ಅನುಮಾನ ಪಡಬೇಕೆಂಬುದು ನಮ್ಮ ಮನೆಯಲ್ಲಿ ಎಲ್ಲರೂ ಚಿಕ್ಕಂದಿನಲ್ಲೇ ಕಲಿತ ಪಾಠ. ಅವತ್ತು ಗುಟ್ಟು ಕಾಪಾಡಿದ ಹೆಮ್ಮೆಯಲ್ಲಿ ನನಗೆ ಆ ಪಾಠ ನೆನಪಾಗಲಿಲ್ಲ.

ಸಮೀಕ್ಷೆ ಆರು ವಾರ ನಡೆಯಿತು. ನಮ್ಮ ಪ್ರಶ್ನೆಗಳು ಶುದ್ಧ ಕನ್ನಡದಲ್ಲಿದ್ದವು. ‘ಸದರಿ ಸೇವೆಯ ಕುರಿತು ತಮ್ಮ ಒಟ್ಟಾರೆ ತೃಪ್ತಿಯ ಮಟ್ಟವನ್ನು ಸೂಚಿಸಿ’ ಎಂದು ಓದಿದರೆ ಮಳವಳ್ಳಿಯ ಆಚೆ ಒಬ್ಬ ಹಿರಿಯರು, “ಸೂಚಿಸ್ತೀನಿ, ಮೊದ್ಲು ಕೂತ್ಕೊಳ್ಳಿ,” ಎಂದು ಎಳನೀರು ತರಿಸಿದರು. ಒಂದರಿಂದ ಐದರವರೆಗೆ ಅಂಕ. ತುಂಬ ಅತೃಪ್ತಿ ಒಂದು, ತುಂಬ ತೃಪ್ತಿ ಐದು. ಉತ್ತರ ಕೊಟ್ಟವರ ಮಾತನ್ನೇ ಅಂಕಕ್ಕೆ ಇಳಿಸತಕ್ಕದ್ದು, ಸಮೀಕ್ಷಕರು ತಮ್ಮ ಊಹೆ ಬೆರೆಸಕೂಡದು ಎಂದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿತ್ತು. ಆ ವಾಕ್ಯ ಬರೆದವನು ನಾನೇ.

ಐದನೇ ಘಟಕ ಮಳವಳ್ಳಿಯ ಆಚೆಯದು. ಅಲ್ಲಿನ ಮನೆಗಳಿಗೆ ನಾನೇ ಹೋಗಿದ್ದೆ. ಎಲ್ಲರದೂ ಒಂದೇ ಉತ್ತರ: “ಚೆನ್ನಾಗವ್ರೆ ಬುಡಿ, ಏನೂ ತೊಂದ್ರೆ ಇಲ್ಲ.” ನರ್ಸು ಕಡೆಯ ಸಲ ಬಂದದ್ದು ಯಾವಾಗ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆ ನರ್ಸಿನ ತಪ್ಪಲ್ಲ. ಅವಳ ಪಾಲಿಗೆ ಬಂದ ಊರುಗಳು ಕಾಡಂಚಿನವರೆಗೆ ಹರಡಿಕೊಂಡಿದ್ದವು. ಅಪರೂಪಕ್ಕೆ ಕಾಣುವವರನ್ನು ಬೈಯುವುದಾದರೂ ಹೇಗೆ? ನಾಲ್ಕು, ಐದು, ನಾಲ್ಕು ಎಂದು ಬರೆದುಕೊಂಡು ಬಂದೆ.

ಸಮೀಕ್ಷಕಿ ಮೂರನೇ ಘಟಕದ ನಮೂನೆಗಳನ್ನು ತಂದು ಮದ್ದೂರಿನ ಒಂದು ಹೋಟೆಲಿನಲ್ಲಿ ನನ್ನ ಮುಂದೆ ಇಟ್ಟಳು. ವಡೆ ಬಂದರೂ ಮುಟ್ಟಲಿಲ್ಲ.

“ಇವ್ರು ‘ಬತ್ತಾಳೆ, ಓಯ್ತಾಳೆ, ಏನ್ ಕಡ್ದು ಕಟ್ಟೆ ಆಕವ್ಳೆ’ ಅಂದ್ರು ಸಾರ್. ಇನ್ನೊಬ್ರು ‘ಅವ್ಳಿಗಿಂತ ನಮ್ಮ ಆಡು ವಾಸಿ, ಕರೆದ್ರೆ ಬತ್ತದೆ’ ಅಂದ್ರು. ಇವ್ರಂತೂ ನನ್ನನ್ನೇ ಬೈದ್ರು.”

“ಏನು ಹಾಕಿದೆ?”

“ಎರಡು. ಕೆಲವಕ್ಕೆ ಒಂದು. ಆದ್ರೆ ಸಾರ್, ಅಷ್ಟು ಬೈತಾರಲ್ಲ, ಒಂದು ಮನೇಲೂ ಗಾಯ ಕೆಟ್ಟಿಲ್ಲ. ಒಬ್ಬಜ್ಜಿ ಬೈತಾ ಬೈತಾ ಸೆರಗು ಬಾಯಿಗಿಟ್ಕೊಂಡು ನಗ್ತಿದ್ರು. ಹೇಳಿಕೊಟ್ಟಂಗೆ ಹೇಳ್ತಾರೆ ಎಲ್ರೂ.”

“ನಗುವಿಗೆ ಕಾಲಂ ಇಲ್ಲ ಕಣಮ್ಮ.”

“ಇಲ್ಲದಿದ್ರೆ ಒಂದು ಮಾಡ್ಬೇಕು ಸಾರ್,” ಎಂದಳು. ಆಮೇಲೆ ವಡೆ ಮುರಿದಳು.

ಲೆಕ್ಕ ಹಾಕಿ ಮುಗಿಸುವ ಹೊತ್ತಿಗೆ ಕಬ್ಬು ಅರೆಯುವ ಕಾಲ ಬಂದಿತ್ತು. ಗಾಯ ಮಾಯುವುದರಲ್ಲಿ ಮೂರನೇ ಘಟಕ ಆರಕ್ಕೂ ಮೊದಲು. ತಲುಪುವುದರಲ್ಲಿ ಎರಡನೆಯದು. ದಾಖಲೆಯಲ್ಲಿ ಕೊನೆ, ಫೋನು ಒಪ್ಪದ ಭಾನುವಾರಗಳೆಲ್ಲ ಗಾಳಿಗೆ ಹೋಗಿದ್ದವು, ಭಾನುವಾರ ದುಡಿದವಳು ಸೋಮವಾರ ತಡವಾಗಿ ಹೊರಟದ್ದು ಮಾತ್ರ ಚೊಕ್ಕವಾಗಿ ದಾಖಲಾಗಿತ್ತು. ತೃಪ್ತಿಯಲ್ಲಿ ಕೊನೆ, ಅದೂ ಬೇರೆಯವರಿಂದ ಬಹುದೂರ. ಎಲ್ಲ ಕೂಡಿಸಿದಾಗ ಕೂದಲೆಳೆಯ ಅಂತರದಲ್ಲಿ ಕೊನೆಯ ಸ್ಥಾನ. ಕುತೂಹಲಕ್ಕೆಂದು ಹಳೆಯ ತೂಕ ಹಾಕಿ ನೋಡಿದೆ. ತೃಪ್ತಿಗೆ ಒಂದೇ ಪಾಲು ಇದ್ದಿದ್ದರೆ ಅದು ಎರಡನೇ ಸ್ಥಾನದಲ್ಲಿರುತ್ತಿತ್ತು. ನಾನು ನಿಂತುಕೊಂಡು ಗೆದ್ದ ಎರಡು ಪಾಲು ಅದನ್ನು ತಳಕ್ಕೆ ಒಯ್ದಿತ್ತು.

ಕೈಪಿಡಿಯಲ್ಲಿ ಒಂದು ದಾರಿಯಿತ್ತು. ಎರಡು ಆಯಾಮಗಳು ಒಂದಕ್ಕೊಂದು ತದ್ವಿರುದ್ಧ ನಿಂತರೆ, ಮುಖ್ಯಸ್ಥನು ತನ್ನ ವಿವೇಚನೆಯಿಂದ ಆ ಘಟಕದ ಮರುಸಮೀಕ್ಷೆಗೆ ಹೇಳಬಹುದು. ಗಾಯ ಮಾಯುತ್ತಿದೆ, ಜನ ಶಪಿಸುತ್ತಿದ್ದಾರೆ. ಇದಕ್ಕಿಂತ ತದ್ವಿರುದ್ಧ ಇನ್ನೇನು ಬೇಕು? ಸಮೀಕ್ಷಕಿ ಅದೇ ಪುಟಕ್ಕೆ ಬೆರಳಿಟ್ಟು ತೋರಿಸಿದಳು. “ಒಂದು ಸಲ ಹೋಗ್ಬಂದ್ಬುಡೋಣ ಸಾರ್. ಈ ಸಲ ಪ್ರಶ್ನೆ ಬದಲಾಯಿಸಿ, ‘ಇವ್ಳು ಬರೋದು ನಿಂತ್ರೆ ಏನ್ಮಾಡ್ತೀರಿ’ ಅಂತ ಕೇಳೋಣ.” ಎಷ್ಟು ಸರಳ ಪ್ರಶ್ನೆ. ನಾನು ಕಲಿತ ಯಾವ ಪುಸ್ತಕದಲ್ಲೂ ಇರಲಿಲ್ಲ.

ಎರಡು ದಿನ ಯೋಚಿಸಿದೆ. ಗೊತ್ತಿಲ್ಲದೆ ತಪ್ಪಿದೆ ಎಂದು ಹೇಳಿಕೊಳ್ಳುವ ಅವಕಾಶವನ್ನೂ ನಾನು ನನಗೆ ಉಳಿಸಿಕೊಂಡಿಲ್ಲ. ನಮ್ಮಪ್ಪನ ಬಳಿ, ನೊಗದ ಬಲಕ್ಕೆ ಕಟ್ಟುವ, ಒಂದು ಬಲಗೋಲಿನ ಎತ್ತಿತ್ತು. ದಲ್ಲಾಳಿ ಬಂದು ಅದರ ಬೆನ್ನು ಸವರಿದರೆ ಅಪ್ಪ, “ಅದಾ? ಸೋಂಬೇರಿ ನನ್ಮಗಂದು, ಒದೀತದೆ ಬೇರೆ,” ಎನ್ನುತ್ತಿದ್ದರು. ದಲ್ಲಾಳಿ ಹೋದ ಮೇಲೆ ಅದಕ್ಕೆ ಹಿಂಡಿ ಕಲಸುತ್ತಿದ್ದರು. ಕೈಬಿಡಲು ಮನಸ್ಸಿಲ್ಲದ್ದನ್ನು ಹೊರಗಿನವರ ಮುಂದೆ ಹೊಗಳಬಾರದು. ನಮ್ಮ ಕಡೆ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಕೊಟ್ಟಿಗೆಯಲ್ಲೇ ಕಲಿಯುತ್ತೇವೆ. ನಾನೂ ಕಲಿತಿದ್ದೆ.

ಬೇರೆ ಯಾವುದೇ ಘಟಕವಾಗಿದ್ದರೆ ಮರುಸಮೀಕ್ಷೆಗೆ ಬರೆದುಬಿಡುತ್ತಿದ್ದೆ. ಇದು ಅಕ್ಕನ ಘಟಕ. ಕಡತದಲ್ಲಿ ನನ್ನದೇ ಟಿಪ್ಪಣಿ ಕೂತಿದೆ, ‘ಸದರಿ ಘಟಕದಲ್ಲಿ ನನ್ನ ರಕ್ತಸಂಬಂಧಿ ಇರುವುದರಿಂದ’ ಎಂದು. ನಾಳೆ ಯಾರಾದರೂ, ಮುದುಕ ತನ್ನ ಅಕ್ಕನಿಗಾಗಿ ತಕ್ಕಡಿ ಒತ್ತಿದ ಎಂದರೆ? ಇಷ್ಟು ವರ್ಷ ಯಾರೂ ಅನ್ನದ್ದನ್ನು ಕಡೆಗಾಲದಲ್ಲಿ ಅನ್ನಿಸಿಕೊಳ್ಳಬೇಕೆ? ಮೂರನೆಯ ದಿನ ಬೆಳಿಗ್ಗೆ, ಒಂದು ಕೈಯ ಕುರ್ಚಿಯಲ್ಲಿ ನೆಟ್ಟಗೆ ಕೂತು, ವರದಿಗೆ ಸಹಿ ಹಾಕಿದೆ. ಸಮೀಕ್ಷಕಿ ಪುಟಗಳನ್ನು ಜೋಡಿಸಿ ಲಕೋಟೆಗೆ ಹಾಕಿದಳು. ನನ್ನ ಮುಖ ನೋಡಲಿಲ್ಲ.

ಆದೇಶ ಬರಲು ತಿಂಗಳು ಹಿಡಿಯಿತು. ಮೂರನೇ ಘಟಕ ಐದರಲ್ಲಿ ವಿಲೀನ. ನರ್ಸಿಗೆ ಬೇರೆ ಜಿಲ್ಲೆ. ಅವಳು ಹೇಳಿಹೋಗಲು ಬಂದದ್ದೂ ಒಂದು ಭಾನುವಾರವೇ. ಎಂದಿನಂತೆ ಕೈ ತೊಳೆದು, ಹುಣ್ಣು ತೊಳೆದು ಕಟ್ಟಿದಳು. ಸೊಸೆಯನ್ನು ಕೂರಿಸಿಕೊಂಡು ಇನ್ನೊಂದು ಸಲ ಎಲ್ಲ ತೋರಿಸಿಕೊಟ್ಟಳು.

“ಯಾಕಮ್ಮ, ಇವತ್ತು ಬೈಯಲ್ವಾ?” ಎಂದು ನರ್ಸು ಕೇಳಿದಳು. ಅಕ್ಕ ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡಳು. ನರ್ಸು ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಕಡೆ ನೋಡಿ, “ಬರ್ತೀನಿ ಸಾರ್,” ಎಂದಳು. ನಾನು ಏನು ಮಾಡಿದ್ದೇನೆಂದು ಅವಳಿಗೆ ಗೊತ್ತಿತ್ತು. ಆ ‘ಸಾರ್’ನಲ್ಲಿ ಒಂದು ಚೂರು ಕಹಿ ಇದ್ದಿದ್ದರೂ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸ್ಕೂಟರಿನ ಸದ್ದು ಕೆರೆ ಏರಿಯ ಆಚೆ ಕರಗುವವರೆಗೆ ಅಕ್ಕ ಗೋಡೆಯನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು.

“ಯಾರ್ಲಾ ಒಗಳಿದೋರು ಅವ್ಳ?”

“ಯಾರೂ ಹೊಗಳಿಲ್ಲ ಕಣಕ್ಕ.”

“ಮತ್ತೆ ಎಂಗ್ ಎತ್ತಾಕೊಂಡೋದ್ರು? ಒಬ್ರ ಬಾಯಲ್ಲೂ ಒಂದು ಒಳ್ಳೆ ಮಾತು ಬರ್ದಂಗೆ ನೋಡ್ಕೊಂಡಿದ್ನಲ್ಲಾ.”

ಒಲೆ ಮುಂದಿದ್ದ ಸೊಸೆ ತಲೆ ತಗ್ಗಿಸಿದಳು. ಅವಳ ಕೈಲೇ ಅಕ್ಕ ಹೇಳಿಕಳಿಸಿದ್ದು. ಡೇರಿಯಲ್ಲಿ, ಚಿಕ್ಕರಸಿನಕೆರೆಯ ಗುಡಿಯಲ್ಲಿ, ಮಾತ್ರೆ ಅಂಗಡಿಯ ಮುಂದೆ, ಹಾಸಿಗೆ ಹಿಡಿದವರ ಮನೆಯವರು ಎಲ್ಲಿ ಸಿಕ್ಕರೂ ಒಂದೇ ಮಾತು: ಕಾಗದ ಇಟ್ಕೊಂಡು ಯಾರಾದ್ರೂ ಬಂದು ಕೇಳಿದ್ರೆ ಸಿಸ್ಟ್ರನ್ನ ಬಯ್ಯಿರಿ.

“ಇಂದೆ ದನದ ಡಾಕ್ಟ್ರು ಇದ್ರಲ್ಲ,” ಅಕ್ಕ ಹೇಳಿದಳು. “ಎಂಥಾ ಮನ್ಸ. ಬಾಳ ಒಳ್ಳೆಯೋರು ಅಂತ ಊರೋರೆಲ್ಲ ಸೈನ್ ಆಕಿ ಮೇಲ್ನೋರ್ಗೆ ಕಳ್ಸುದ್ವಿ. ಓದಿದೋರು, ಅಂಗಾ ಅಂತ, ಮಂಡ್ಯಕ್ಕೆ ಎಳ್ಕೊಂಡೋದ್ರು. ಆಮೇಲೆ ಯಾವ್ ಡಾಕ್ಟ್ರು ಬಂದ್ನಪ್ಪ ಈ ಊರ್ಗೆ? ಇವ್ಳೂ ಅಂಗೇ ಆಗ್ಬಾರ್ದು ಅಂತ ಅಂದೆ. ನೀನು ಬೇರೆ, ಏಳಿದ್ದ ಏಳ್ದಂಗೆ ಬರೆಯೋನು. ಅದ್ಕೇ ನಿಂಗೂ ಏಳ್ಲಿಲ್ಲ.”

ಇಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಗುಟ್ಟು ಕಾಪಾಡಬಾರದಿದ್ದಾಗ ಕಾಪಾಡಿದವನು, ಕಾಪಾಡಬೇಕಾದಾಗ ಬಿಟ್ಟುಕೊಟ್ಟೆ.

“ಒಳ್ಳೆಯವರು ಅನ್ನಿಸ್ಕೊಂಡವರನ್ನ ಉಳಿಸ್ಕೊಳ್ಳೋದಿತ್ತು ಕಣಕ್ಕ ಈ ಸಲ,” ಎಂದೆ.

ಅಕ್ಕ ಸೂರಿನ ಜಂತಿಯನ್ನು ನೋಡುತ್ತ ಮಲಗಿದ್ದಳು. ಬಲಗೈ ಮಾತ್ರ ಹೊದಿಕೆಯ ಅಂಚನ್ನು ಮಡಿಚಿತು, ಬಿಡಿಸಿತು.

“ಅಂಗಾರೆ ನಾನೇ ಕಳ್ಸಿದ್ದು ಅನ್ನು.”

“ಇಬ್ರೂ ಕಣಕ್ಕ.”

“ನೀನು ಬರ್ದೆ ಅಷ್ಟೆ. ಏಳಿಕೊಟ್ಟೋಳು ನಾನು,” ಎಂದಳು. ಅವತ್ತು ಊಟ ಮಾಡಲಿಲ್ಲ.

ನಾನು ಇಲಾಖೆಗೆ ತಿದ್ದುಪಡಿ ಪತ್ರ ಬರೆದೆ. ಕಾರಣ, ಹಿನ್ನೆಲೆ, ದನದ ಡಾಕ್ಟರು, ಎಲ್ಲ ಸೇರಿ ನಾಲ್ಕು ಪುಟ. ‘ಮುಂದಿನ ಮೌಲ್ಯಮಾಪನದ ವೇಳೆ ಪರಿಗಣಿಸಲಾಗುವುದು’ ಎಂದು ಉತ್ತರ ಬಂತು. ಇಂಥ ಉತ್ತರಗಳನ್ನು ನಾನೇ ಎಷ್ಟೋ ಬರೆದಿದ್ದೇನೆ. ಭಾಷೆ ಚೆನ್ನಾಗಿದೆ ಎಂದು ಮೆಚ್ಚುವ ಮಟ್ಟಕ್ಕೆ ಅದನ್ನು ಬಲ್ಲೆ.

ಐದನೇ ಘಟಕದ ನರ್ಸು ಮೊದಲು ಎರಡು ವಾರಕ್ಕೊಮ್ಮೆ ಬಂದಳು, ಆಮೇಲೆ ತಿಂಗಳಿಗೊಮ್ಮೆ. ಮಳವಳ್ಳಿ ದಾಟಿ, ಭಾರತೀನಗರದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿಗೆ ಸಿಕ್ಕಿ, ಮಧ್ಯಾಹ್ನ ಇಳಿಯುವ ಹೊತ್ತಿಗೆ ಮುಖದ ತುಂಬ ಧೂಳು ಹೊತ್ತು ಬರುತ್ತಿದ್ದಳು. ಒಳ್ಳೆಯ ಹುಡುಗಿ. ಗಾಜ್ ಬಟ್ಟೆ ನೆನೆದು ತಾನಾಗಿ ಬಿಡುವವರೆಗೆ ಕಾಯಲು ಅವಳಿಗೆ ಸಮಯ ಇರುತ್ತಿರಲಿಲ್ಲ. ಅಕ್ಕ ಹಲ್ಲು ಕಚ್ಚಿಕೊಂಡು, “ನಿದಾನ್ಕೆ ಓಗವ್ವ,” ಎನ್ನುತ್ತಿದ್ದಳು.

ನಾನು ಸೊಸೆಯಿಂದ ಹುಣ್ಣು ತೊಳೆಯುವುದನ್ನು ಕಲಿತೆ. ಮಂಡ್ಯದಿಂದ ಬಸ್ಸು ಹತ್ತಿ, ಭಾರತೀನಗರದಲ್ಲಿ ಇಳಿದು ಇನ್ನೊಂದು ಹತ್ತಿ, ವಾರಕ್ಕೆ ಎರಡು ಸಲ ಹೋಗತೊಡಗಿದೆ. ಮೊದಮೊದಲು ಅಕ್ಕ ನನ್ನನ್ನು ಬಿಡುತ್ತಿರಲಿಲ್ಲ. “ಬರೆಯೋ ಕೈ ಕಣ್ಲಾ ಇದು, ತೊಳೆಯೋ ಕೈಯಲ್ಲ. ಉಣ್ಗೂ ಮಾರ್ಕ್ಸು ಆಕ್ತಿದ್ದೀಯೇನ್ಲಾ, ಅಂಗ್ ನೋಡ್ತೀಯಲ್ಲ?” ಆ ಬೈಗುಳಕ್ಕಾಗಿಯೇ ನಾನು ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡುತ್ತಿದ್ದೆ ಎಂದರೆ ತಪ್ಪಲ್ಲ. ಹುಣಸೆಬೀಜ ಮತ್ತೆ ನಿಂಬೆಹಣ್ಣಾಯಿತು. ಆಮೇಲೆ ನಾನು ಅಳತೆಗೆ ಹಣ್ಣು ಹುಡುಕುವುದನ್ನು ಬಿಟ್ಟೆ. ಬೈಗುಳವೂ ಕಡಿಮೆಯಾಗುತ್ತ ಬಂತು. ಜ್ವರಕ್ಕೆ ಇರಬೇಕು ಎಂದುಕೊಂಡೆ.

ಮರುವರ್ಷದ ಮೌಲ್ಯಮಾಪನ ಬಂತು. ಈ ಸಲ ನನ್ನನ್ನು ಕರೆದಿರಲಿಲ್ಲ, ಕರೆದಿದ್ದರೂ ಹೋಗುತ್ತಿರಲಿಲ್ಲ. ಪ್ರಶ್ನಾವಳಿ ಮಾತ್ರ ನನ್ನದೇ. ಕಾಗದದ ಬದಲು ಟ್ಯಾಬು ಹಿಡಿದ ಒಬ್ಬ ಹೊಸ ಸಮೀಕ್ಷಕಿ, ಒಂದು ಗುರುವಾರ, ನಾನು ಇದ್ದಾಗಲೇ ಅಕ್ಕನ ಮನೆ ಬಾಗಿಲಿಗೆ ಬಂದಳು. ಈ ಸಲ ಪಟ್ಟಿಯಿಂದ ಅಕ್ಕನ ಹೆಸರು ತೆಗೆಯಲು ಯಾರೂ ಇರಲಿಲ್ಲ. ನಾನು ರಾಗಿ ಮೂಟೆಯ ಪಕ್ಕದಲ್ಲಿ ಕೂತೆ.

“ಅಜ್ಜಿ, ಸದರಿ ಸೇವೆಯ ಕುರಿತು ತಮ್ಮ ಒಟ್ಟಾರೆ ತೃಪ್ತಿಯ ಮಟ್ಟ ಹೇಳ್ತೀರಾ? ತುಂಬಾ ಚೆನ್ನಾಗಿದ್ಯಾ, ಪರವಾಗಿಲ್ವಾ, ಚೆನ್ನಾಗಿಲ್ವಾ?”

“ಚೆನ್ನಾಗವ್ರೆ ಬುಡವ್ವ.”

“ನರ್ಸು ಹೇಳಿದ ದಿನ ಬರ್ತಾರಾ?”

“ಬತ್ತಾರೆ.”

“ನೋವು ಕಡಿಮೆ ಆಗಿದ್ಯಾ?”

“ಏನೂ ತೊಂದ್ರೆ ಇಲ್ಲ.”

ಹುಡುಗಿ ಪ್ರತಿ ಉತ್ತರಕ್ಕೂ ಬೆರಳು ಒತ್ತುತ್ತಿದ್ದಳು. ಐದು, ಐದು, ಐದು. ಮಂಚದ ಸುತ್ತ ಇದ್ದ ವಾಸನೆ ಅವಳ ಮೂಗಿಗೂ ಬಡಿದಿರಬೇಕು, ಒಂದು ಸಲ ಸೆರಗಿನ ಕಡೆ ಕೈ ಹೋಯಿತು. ಆದರೆ ಊಹೆ ಬೆರೆಸಕೂಡದು ಎಂದು ಅವಳ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿತ್ತು. ಕೈ ಮುಗಿದು ಹೊರಟಳು. ಸೊಸೆ ಕೊಟ್ಟ ಮಜ್ಜಿಗೆಯನ್ನು ನಿಂತೇ ಕುಡಿದು ಹೋದಳು.

“ಯಾಕಕ್ಕ ಹಾಗಂದೆ?” ನಾನು ಕೇಳಿದೆ. “ಈ ಸಲವಾದರೂ ನಿಜ ಹೇಳಬಾರದಾಗಿತ್ತಾ?”

“ಯಾಕ್ ಬಯ್ಲಿ? ಇನ್ನೇನದೆ ಎತ್ತಾಕೊಂಡೋಗಾಕೆ?”

ನಾನು ಎದ್ದು ಸಲೈನ್ ಬಾಟಲಿ ತೆಗೆದೆ. ಸಾಬೂನು ಹಚ್ಚಿ ಕೈ ತೊಳೆದೆ, ಬೆರಳ ಸಂದಿ, ಉಗುರು, ಆ ನರ್ಸು ತೊಳೆಯುತ್ತಿದ್ದ ಹಾಗೆ. ಹಳೆಯ ಗಾಜ್ ಬಟ್ಟೆಯನ್ನು ನೆನೆಯಲು ಬಿಟ್ಟು ಕಾದೆ. ಅದು ತಾನಾಗಿ ಬಿಡಲು ಬಹಳ ಹೊತ್ತು ಬೇಕಾಯಿತು. “ಅಕ್ಕಾ, ಈ ಕಡೆ ತಿರುಗು,” ಎಂದೆ. ಎಂದಿನ ಉತ್ತರಕ್ಕೆ ಕಾದೆ. ಬರಲಿಲ್ಲ. ನಾನೇ ಹೆಗಲು, ಸೊಂಟ ಹಿಡಿದು ತಿರುಗಿಸಿದೆ, ತೂಕವೇ ಇರಲಿಲ್ಲ. ಒಳಗಿನಿಂದ ಹೊರಕ್ಕೆ ಒರೆಸುವಾಗ ನನ್ನ ಬೆರಳು ಅಂಚಿಗೆ ಜೋರಾಗಿ ತಗುಲಿತು. ಅವಳ ಮೈ ಸೆಟೆದುಕೊಂಡಿತು. ಈಗ ಬೈಯುತ್ತಾಳೆ ಎಂದು ತಲೆ ತಗ್ಗಿಸಿದೆ.

ಅಕ್ಕ ಗೋಡೆಯ ಕಡೆ ಮುಖ ಮಾಡಿಕೊಂಡೇ, ಹೊರಗಿನವರೊಡನೆ ಮಾತಾಡುವ ದನಿಯಲ್ಲಿ, “ಚೆನ್ನಾಗಿ ಮಾಡ್ತೀಯ ಕಣಪ್ಪ. ಏನೂ ತೊಂದ್ರೆ ಇಲ್ಲ,” ಎಂದಳು.